ಐವತ್ತೆಂಟು ಜೊತೆ ಕಣ್ಣು

22 ಸೆಪ್ಟೆಂಬರ್, ಭಾನುವಾರ

ಈ ಡೈರಿಯನ್ನು ಔಷಧ ಕಂಪನಿಯವರು ಡಿಸ್ಪೆನ್ಸರಿಯ ಡಾಕ್ಟರಮ್ಮನಿಗೆ ಕೊಟ್ಟಿದ್ದರು, ಆಕೆ ನನಗೆ ದಾನ ಮಾಡಿದರು. ದಿನಾ ಬೆಳಿಗ್ಗೆ ಸಕ್ಕರೆ ಎಷ್ಟಿತ್ತು ಎಂದು ಇದರಲ್ಲಿ ಬರೆದಿಡಬೇಕಂತೆ. ಮೂವತ್ತು ವರ್ಷ ಸರ್ಕಾರದ ಕಡತಗಳಲ್ಲಿ ಟಿಪ್ಪಣಿ ಬರೆದ ಕೈಗೆ ಬರೀ ಅಂಕಿ ಬರೆ ಎಂದರೆ ಅವಮಾನ. ಆದ್ದರಿಂದ ಅಂಕಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆಯುವುದೆಂದು ತೀರ್ಮಾನಿಸಿದ್ದೇನೆ. ಯಾರೂ ಓದುವ ಭಯವಿಲ್ಲ. ಹೆಂಡತಿ ಶಾರದಾಗೆ ನನ್ನ ಅಕ್ಷರ ತಿಳಿಯುವುದಿಲ್ಲ. ದಿಲ್ಲಿಯ ರೋಹಿಣಿಯಲ್ಲೇ ಹುಟ್ಟಿ ಬೆಳೆದ ಮಗಳು ತನ್ವಿಗೆ ಕನ್ನಡ ಅಕ್ಷರವೇ ತಿಳಿಯುವುದಿಲ್ಲ.

ನಿನ್ನೆ ಡಾಕ್ಟರಮ್ಮ ನನ್ನ ಚಿಕಿತ್ಸೆಯ ಪುಸ್ತಕ ತಿರುವಿಹಾಕಿ, "ದೇವೇಂದ್ರಪ್ಪಾಜೀ, ಶುಗರ್ ಬಂದು ಹನ್ನೆರಡು ವರ್ಷ. ಒಂದ್ಸಲಾನೂ ಕಣ್ಣಿನ ಪರದೆ ತೋರಿಸಿಲ್ವಾ?" ಎಂದು ಹಿಂದಿಯಲ್ಲಿ ಗದರಿದರು. ಹೋದ ವರ್ಷವೇ ಪೀತಮ್‌ಪುರದ ಕನ್ನಡಕದ ಅಂಗಡಿಯಲ್ಲಿ ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡಿಸಿದ್ದೇನೆ ಎಂದೆ. ಕನ್ನಡಕದ ನಂಬರು ಬೇರೆ, ಕಣ್ಣಿನ ಹಿಂಭಾಗದ ಪರದೆ ಬೇರೆ, ಸಕ್ಕರೆ ತಿನ್ನುವುದು ಆ ಪರದೆಯನ್ನು, ತಿನ್ನುವಾಗ ನೋವೂ ಆಗುವುದಿಲ್ಲ ಎಂದು ಭಾಷಣ ಮಾಡಿ, ಕಣ್ಣಾಸ್ಪತ್ರೆಗೆ ರೆಫರಲ್ ಚೀಟಿ ಬರೆದುಕೊಟ್ಟರು. ಚೀಟಿ ಮೂರು ತಿಂಗಳು ಊರ್ಜಿತ. ಸರ್ಕಾರ ಮೂರು ತಿಂಗಳು ಕೊಟ್ಟಿದೆ ಎಂದರೆ ಮೂರನೆಯ ತಿಂಗಳ ಕೊನೆಯ ವಾರದಲ್ಲಿ ಹೋಗಬೇಕೆಂದೇ ಅರ್ಥ. ಇದು ಡಾಕ್ಟರುಗಳಿಗೆ ತಿಳಿಯದು, ಸೆಕ್ಷನ್ ಆಫೀಸರಿಗೆ ತಿಳಿದಿದೆ.

ಶಾರದಾ ಕೇಳಿದಳು, "ನಾಳೆನೇ ಹೋಗಬಾರದೇನ್ರೀ?" ನಾಳೆ ಆಡಿಟ್‌ನವರು ಬರುತ್ತಾರೆ. ಅದೂ ಅಲ್ಲದೆ ಕಣ್ಣಿಗೆ ಹನಿ ಹಾಕಿದರೆ ನಾಲ್ಕು ಗಂಟೆ ಏನೂ ಓದಲಾಗುವುದಿಲ್ಲವಂತೆ, ಕಾರು ಓಡಿಸುವ ಹಾಗಿಲ್ಲವಂತೆ. ದಿನಾ ಬೆಳಿಗ್ಗೆ ಇವಳನ್ನು ಪೀತಮ್‌ಪುರದ ಶಾಲೆಗೆ ಬಿಡುವವರು ಯಾರು? ಅವಳ ಗಣಿತದ ಪಾಠ ನಿಂತರೆ ದೇಶದ ಗತಿಯೇನು? ಹೀಗೆಂದದ್ದಕ್ಕೆ ಅವಳು ನಗಲಿಲ್ಲ.

29 ಸೆಪ್ಟೆಂಬರ್, ಭಾನುವಾರ

ಕನ್ನಡ ಬಳಗದ ಸಭೆ. ಅಧ್ಯಕ್ಷ ಚಂದ್ರಮೋಹನರಿಗೆ ಪ್ರತಿ ವರ್ಷ ರಾಜ್ಯೋತ್ಸವದ ತಿಂಗಳಲ್ಲಿ ಏನಾದರೊಂದು ಸಮಾಜಸೇವೆ ಮಾಡದಿದ್ದರೆ ಊಟ ಸೇರುವುದಿಲ್ಲ. ಈ ವರ್ಷ ಸಕ್ಕರೆ ಕಾಯಿಲೆಯವರಿಗೆ ಉಚಿತ ನೇತ್ರ ತಪಾಸಣೆ. ನವೆಂಬರ್ ಹತ್ತಕ್ಕೆ ಒಂದು ಕಣ್ಣಾಸ್ಪತ್ರೆಯವರು ಯಂತ್ರ ಸಮೇತ ಪೀತಮ್‌ಪುರದ ಸಮುದಾಯ ಭವನಕ್ಕೇ ಬರುತ್ತಾರೆ. ಕನಿಷ್ಠ ಐವತ್ತು ಜನ ಸೇರಬೇಕು, ಇಲ್ಲದಿದ್ದರೆ ಯಂತ್ರಕ್ಕೆ ಬೇಸರವಾಗುತ್ತದೆ.

"ಜನ ಸೇರಿಸೋ ಕೆಲಸ ದೇವೇಂದ್ರಪ್ಪನೋರಿಗೇ ಸರಿ. ಅವರಿಗೆ ಶುಗರಿನ ಸ್ವಂತ ಅನುಭವ ಇದೆ," ಎಂದರು ಚಂದ್ರಮೋಹನ. ಎಲ್ಲರೂ ಚಪ್ಪಾಳೆ ತಟ್ಟಿದರು. ಜೀವನದಲ್ಲಿ ಮೊದಲ ಸಲ ನನ್ನ ಕಾಯಿಲೆಗೆ ಚಪ್ಪಾಳೆ ಬಿತ್ತು.

ಪಟ್ಟಿ ಮಾಡುವುದೇನೂ ಕಷ್ಟವಾಗಲಿಲ್ಲ. ಬಳಗದ ಊಟದಲ್ಲಿ ಯಾರು ಹೋಳಿಗೆಗೆ "ಅಯ್ಯೋ ಬೇಡಪ್ಪಾ" ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದು, ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ಒಂದನ್ನು ಮಡಚಿ ಬಾಯಿಗೆ ಹಾಕಿಕೊಳ್ಳುತ್ತಾರೋ ಅವರಿಗೆಲ್ಲ ಶುಗರ್. ಒಟ್ಟು ಎಪ್ಪತ್ತಮೂರು ಜನ, ನನ್ನನ್ನು ಬಿಟ್ಟು.

6 ಅಕ್ಟೋಬರ್, ಭಾನುವಾರ

ಇಡೀ ದಿನ ಫೋನು. ಕಿವಿ ಬಿಸಿಯಾಗಿದೆ. ನಮ್ಮ ಜನ ನೆಪ ಹೇಳುವುದರಲ್ಲಿ ಪಿಎಚ್‌.ಡಿ. ಮಾಡಿದ್ದಾರೆ.

ಒಬ್ಬರು, ಈಗ ಶುಗರ್ ಜಾಸ್ತಿ ಇದೆ, ಕಮ್ಮಿಯಾದ ಮೇಲೆ ಬರುತ್ತೇನೆ, ಈಗ ಬಂದರೆ ಡಾಕ್ಟರು ಬೈಯುತ್ತಾರೆ ಎಂದರು. ಮನೆ ಗುಡಿಸಿದ ಮೇಲೆ ಕಸದವಳನ್ನು ಕರೆಯುವ ಜಾತಿ. ಇನ್ನೊಬ್ಬರು, ಏನಾದರೂ ಇದೆ ಎಂದುಬಿಟ್ಟರೆ ಏನು ಮಾಡುವುದು ಎಂದು ನನ್ನನ್ನೇ ಕೇಳಿದರು. ಮತ್ತೊಬ್ಬ ಮಹಾನುಭಾವರು ಕನ್ನಡಕದ ಅಂಗಡಿಯಲ್ಲಿ ಆಗಲೇ ತೋರಿಸಿದ್ದೇನೆ ಎಂದರು. ಕನ್ನಡಕದ ಅಂಗಡಿಯಂತೆ! ಓದು ಬರಹ ಬಲ್ಲವರೇ ಹೀಗೆ. ಡಾಕ್ಟರಮ್ಮ ನನಗೆ ಹೇಳಿದ್ದನ್ನೆಲ್ಲ ಅವರಿಗೆ ಒಂದಕ್ಷರ ಬಿಡದೆ ಒಪ್ಪಿಸಿ, ಹೆಸರು ಬರೆದುಕೊಂಡೆ.

ಜಲಜಾ ಅವರದು ಮಾತ್ರ ನೆಪ ಎನ್ನಲು ನಾಲಿಗೆ ಏಳಲಿಲ್ಲ. ಗಂಡ ತೀರಿಕೊಂಡಿದ್ದಾರೆ, ಸೆಕ್ಟರ್ ಹದಿನೈದರಲ್ಲಿ ಒಬ್ಬರೇ ಇದ್ದಾರೆ. "ಹನಿ ಹಾಕಿದ್ಮೇಲೆ ಕಣ್ಣು ಮಂಜಾಗತ್ತಂತಲ್ಲ, ವಾಪಸ್ ಹೇಗೆ ಬರ್ಲಿ ಹೇಳಿ? ರಸ್ತೆ ದಾಟ್ಸೋರು ಯಾರು?" ಎಂದರು. ಏನಾದರೂ ವ್ಯವಸ್ಥೆ ಮಾಡೋಣ ಎಂದೆ.

ಕೊನೆಗೆ ಗುಂಡಣ್ಣ. ನನಗಿಂತ ಏಳು ವರ್ಷ ದೊಡ್ಡವರು, ನಮ್ಮ ಮಂತ್ರಾಲಯದಲ್ಲೇ ಇದ್ದು ನಿವೃತ್ತರಾದವರು, ನನಗೆ ಟಿಪ್ಪಣಿ ಬರೆಯಲು ಕಲಿಸಿದವರು. "ನಂಗೇನಾಗಿದೆಯೋ? ಬಾಲ್ಕನಿಯಿಂದ ಮೆಟ್ರೋ ಸ್ಟೇಷನ್ ಬೋರ್ಡ್ ಓದ್ತೀನಿ. ಮೂರೂ ಭಾಷೇಲಿ," ಎಂದರು. ಆ ಬೋರ್ಡು ಇರುವುದು ಎರಡೇ ಭಾಷೆಯಲ್ಲಿ. ಬಿಡುವುದಿಲ್ಲ ಇವರನ್ನು.

15 ಅಕ್ಟೋಬರ್, ಮಂಗಳವಾರ

ನಾನು ಕಳಿಸಿದ ಟಿಪ್ಪಣಿಯನ್ನು ಅಂಡರ್ ಸೆಕ್ರೆಟರಿ ವಾಪಸ್ಸು ಕಳಿಸಿದ್ದಾರೆ. ಮೂರು ಇರುವಲ್ಲಿ ಎಂಟು ಬರೆದಿದ್ದೇನಂತೆ, ಅದೂ ಎರಡು ಕಡೆ. ನಮ್ಮ ಸೆಕ್ಷನ್ನಿನ ಟ್ಯೂಬ್‌ಲೈಟುಗಳು ಕಳೆದ ಸರ್ಕಾರದ ಕಾಲದವು. ಪ್ರಿಂಟರಿನ ಶಾಯಿ ಯಾವ ಕಂಪನಿಯದೋ, ಕಾಗದದ ಮೇಲೆ ಬೀಳುವುದಕ್ಕೇ ಅದಕ್ಕೆ ನಾಚಿಕೆ. ಟ್ಯೂಬ್‌ಲೈಟ್ ಬದಲಿಸಿ ಎಂದು ಮೂರು ಪುಟದ ಟಿಪ್ಪಣಿ ಬರೆದೆ. ನನ್ನ ಪಕ್ಕದಲ್ಲಿ ಕೂರುವ ಹುಡುಗಿ, "ಸರ್, ಲೈಟ್ ತೋ ಠೀಕ್ ಹೈ," ಎಂದಳು, ಲೈಟು ಸರಿಯಾಗಿಯೇ ಇದೆಯಂತೆ. ಅವಳಿಗೆ ಇಪ್ಪತ್ತಾರು ವಯಸ್ಸು, ಆಡಳಿತದ ಸೂಕ್ಷ್ಮ ತಿಳಿಯದು.

27 ಅಕ್ಟೋಬರ್, ಭಾನುವಾರ

ದೀಪಾವಳಿಯ ಸಾಮಾನಿಗೆಂದು ಮೂವರೂ ಕಾರಿನಲ್ಲಿ ಹೋಗಿದ್ದೆವು. ವಾಪಸ್ಸು ಬರುವಾಗ ಸಂಜೆ ಆರೂವರೆ. ಬಲಗಡೆಯಿಂದ ಒಂದು ಇ-ರಿಕ್ಷಾ ನೆಲದಿಂದ ಎದ್ದ ಹಾಗೆ ಎದುರಿಗೆ ಬಂತು. ತನ್ವಿ "ಅಪ್ಪಾ!" ಎಂದು ಕಿರುಚಿದಳು. ಬ್ರೇಕು ಹಾಕಿದೆ, ಒಂದು ಗೇಣು ಉಳಿಯಿತು. ಒಳಗೆ ಟ್ಯೂಷನ್ ಮುಗಿಸಿ ಹೊರಟ ಮಕ್ಕಳಿದ್ದರು, ಬ್ಯಾಗಿನ ಸಮೇತ. ರಿಕ್ಷಾದವನು ನನ್ನ ವಂಶವನ್ನು ಹಿಂದಿಯಲ್ಲಿ ಸ್ಮರಿಸಿದ.

"ದೀಪವಿಲ್ಲದೆ ಓಡಿಸ್ತಾರೆ ನೋಡು," ಎಂದೆ.

"ಅಪ್ಪಾ, ಲೈಟ್ ಆನ್ ಥಾ," ಎಂದಳು ತನ್ವಿ. "ಕಿತ್ನಾ ಸ್ಲೋ ಬರ್ತಿತ್ತು ಅದು."

ಶಾರದಾ ಮನೆಗೆ ಬಂದು ಪಾತ್ರೆ ತೊಳೆಯುತ್ತಾ, ನಾಳೆಯಿಂದ ಮೆಟ್ರೋದಲ್ಲಿ ಹೋಗುತ್ತೇನೆ, ನಡೆದಾಡಿದ ಹಾಗೂ ಆಗುತ್ತದೆ ಎಂದಳು. ಹದಿನೆಂಟು ವರ್ಷ ಕಾರಿನಲ್ಲಿ ಕೂತವಳಿಗೆ ಇದ್ದಕ್ಕಿದ್ದಂತೆ ವ್ಯಾಯಾಮದ ಹುಚ್ಚು. ಒಳ್ಳೆಯದೇ. ಆಮೇಲೆ ರೆಫರಲ್ ಚೀಟಿ ಎಲ್ಲಿ ಎಂದು ಕೇಳಿದಳು. ನಮ್ಮದೇ ಶಿಬಿರಕ್ಕೆ ಡಾಕ್ಟರುಗಳೇ ಬರುತ್ತಿರುವಾಗ ನಾನು ಆಸ್ಪತ್ರೆಯಲ್ಲಿ ಕ್ಯೂ ನಿಲ್ಲುವುದು ಎಂಥ ಅವಿವೇಕ! ಅಲ್ಲೇ ತೋರಿಸುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೇನೆ.

3 ನವೆಂಬರ್, ಭಾನುವಾರ

ಪಟಾಕಿ ಮುಗಿದು ದಿಲ್ಲಿಯ ಮೇಲೆ ಹೊಗೆ ಕೂತಿದೆ. ಬೀದಿ ದೀಪಗಳಿಗೆಲ್ಲ ದೇವರ ಪಟದಲ್ಲಿರುವಂಥ ಪ್ರಭಾವಳಿ. ಎದುರು ಮನೆಯ ನಂಬರೂ ಕಾಣುವುದಿಲ್ಲ. ಇಡೀ ಊರೇ ಕುರುಡಾಗಿರುವಾಗ ನನ್ನೊಬ್ಬನ ಕಣ್ಣನ್ನು ದೂರುವ ಶಾರದಾಗೆ ಏನು ಹೇಳುವುದು?

ಗುಂಡಣ್ಣನ ಮನೆಗೇ ಹೋದೆ. ಚಕ್ಕುಲಿ ಕೊಟ್ಟರು, ತಿಂದೆ. ಒಂದೂವರೆ ಗಂಟೆ ಕೊರೆದೆ. ನಾಳೆ ಮೊಮ್ಮಗಳು ಎದುರಿಗೆ ನಿಂತರೆ ಧ್ವನಿ ಕೇಳಿ ಗುರುತು ಹಿಡಿಯುವ ಹಾಗಾದೀತು ಎಂದೆ. ಅವರ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಗುಂಡಣ್ಣ ಮಾತ್ರ ನನ್ನನ್ನೇ ನೋಡುತ್ತಾ, "ನೀನು ಮಾಡಿಸಿದೀಯೇನಯ್ಯಾ?" ಎಂದರು.

"ನಾನು ಸಂಘಟಕ, ಗುಂಡಣ್ಣಾ," ಎಂದೆ.

ಅದೇನು ದೊಡ್ಡ ಹಾಸ್ಯವೋ, ಕೆಮ್ಮು ಬರುವವರೆಗೆ ನಕ್ಕರು. ಆದರೆ ಬರುತ್ತೇನೆ ಎಂದಿದ್ದಾರೆ.

ಜಲಜಾ ಅವರಿಗೂ ದಾರಿ ಸಿಕ್ಕಿದೆ. ಒಂಟಿಯಾಗಿರುವ ಹನ್ನೊಂದು ಜನರಿಗೆ ಹೋಗಿ ಬರಲು ಇ-ರಿಕ್ಷಾ, ಒಬ್ಬೊಬ್ಬರ ಜೊತೆಗೂ ಬಳಗದ ಒಬ್ಬ ಸ್ವಯಂಸೇವಕ, ಮನೆಯ ಬಾಗಿಲವರೆಗೆ. ನಾನೇ ಯೋಜಿಸಿದ್ದು. ಇಷ್ಟು ಅಚ್ಚುಕಟ್ಟಾಗಿ ನನ್ನ ಮಂತ್ರಾಲಯ ನಡೆದಿದ್ದರೆ ದೇಶ ಎಲ್ಲೋ ಇರುತ್ತಿತ್ತು.

10 ನವೆಂಬರ್, ಭಾನುವಾರ

ಐವತ್ತೆಂಟು! ಐವತ್ತು ಕೇಳಿದ್ದರು, ಐವತ್ತೆಂಟು ಜನರನ್ನು ತಂದು ಕೂರಿಸಿದೆ. ಚಂದ್ರಮೋಹನರು ಮೂರು ಸಲ ಬೆನ್ನು ತಟ್ಟಿದರು.

ಬೆಳಿಗ್ಗೆ ಏಳರಿಂದ ನಿಂತ ಕಾಲಲ್ಲಿದ್ದೇನೆ. ಬ್ಯಾನರ್, ಮೈಕು, ಟೋಕನ್ನು, ಮುಖ್ಯ ಅತಿಥಿಗೆ ಹಾರ. ಸಕ್ಕರೆ ಕಾಯಿಲೆಯವರ ಶಿಬಿರದ ತಿಂಡಿಗೆ ಕೇಸರಿಬಾತು ಮಾಡಿಸಿದ್ದು ಯಾರ ತಲೆಯೋ ಗೊತ್ತಿಲ್ಲ. ಮೊದಲು ಖಾಲಿಯಾದದ್ದು ಅದೇ. ಒಬ್ಬೊಬ್ಬರಿಗೂ ಹನಿ ಹಾಕಿ, ಕಣ್ಣು ಮುಚ್ಚಿಸಿ ಸಾಲಾಗಿ ಕೂರಿಸಿದ್ದರು. ಜೀವಮಾನದಲ್ಲಿ ಬಳಗದ ಸಭೆ ಅಷ್ಟು ನಿಶ್ಶಬ್ದವಾಗಿ ನಡೆದದ್ದಿಲ್ಲ.

ಹೆಸರು ಕೂಗುವ ಕೆಲಸ ನನ್ನದು. ತನ್ವಿ ಇಂಗ್ಲಿಷಿನ ಪಟ್ಟಿಯನ್ನು ಎಷ್ಟು ಸಣ್ಣ ಅಕ್ಷರದಲ್ಲಿ ಪ್ರಿಂಟ್ ಮಾಡಿದ್ದಳೆಂದರೆ ಇಬ್ಬರ ಹೆಸರು ತಪ್ಪಾಗಿ ಕೂಗಿದೆ, ಒಬ್ಬರನ್ನು ಬಿಟ್ಟೇಬಿಟ್ಟೆ. "ಅಪ್ಪಾ, ಫಾಂಟ್ ಸಿಕ್ಸ್‌ಟೀನ್ ಇದೆ, ಇಸ್‌ಸೇ ದೊಡ್ಡದು ಕ್ಯಾ ಕರೂಂ?" ಎಂದು ಗೊಣಗಿ, ನನ್ನ ಕೈಯಿಂದ ಮೈಕು ತೆಗೆದುಕೊಂಡು ತಾನೇ ಕೂಗಿದಳು. ಅವಳ ಬಾಯಲ್ಲಿ ನಮ್ಮ ಹಿರಿಯರ ಹೆಸರುಗಳೆಲ್ಲ ಪಂಜಾಬಿಗಳಾದವು, ಆದರೂ ಯಾರೂ ತಪ್ಪಿಹೋಗಲಿಲ್ಲ.

ಮೂರು ಗಂಟೆಗೆ ಸಾಲು ಕರಗಿತು. ಕ್ಯಾಮೆರಾ ಯಂತ್ರದ ಹುಡುಗಿ, "ಸರ್, ಆಪ್ ಭೀ ಆಜಾಯಿಯೇ," ಎಂದು ಕರೆದಳು. ಶಾರದಾ ಎದ್ದು ನಿಂತಿದ್ದಳು. ಹೋಗುವವನೇ. ಆದರೆ ಅಷ್ಟರಲ್ಲಿ ಮುಖ್ಯ ಅತಿಥಿ, ಬೆಳಿಗ್ಗೆ ಹತ್ತಕ್ಕೆ ಬರಬೇಕಾದವರು, ಆಗ ಬಂದರು. ಸಭೆ ಶುರುವಾಗಬೇಕು, ವಂದನಾರ್ಪಣೆ ನನ್ನದು. ಎರಡು ಪುಟ ಬರೆದುಕೊಂಡಿದ್ದೆ. ಹನಿ ಹಾಕಿಸಿಕೊಂಡರೆ ಓದುವುದು ಹೇಗೆ? ನಲವತ್ತು ಜನರಿಗೆ ವಂದನೆ ಸಲ್ಲಿಸಬೇಕಾಗಿತ್ತು. ಸಭೆ ಮುಗಿದ ಮೇಲೆ ಬರುತ್ತೇನೆ ಎಂದೆ. ಸಭೆ ಮುಗಿಯುವಷ್ಟರಲ್ಲಿ ಯಂತ್ರ ಪೆಟ್ಟಿಗೆಯೊಳಗೆ ಸೇರಿ ವ್ಯಾನು ಹತ್ತಿತ್ತು.

ವಂದನಾರ್ಪಣೆಯಲ್ಲಿ ಚಂದ್ರಮೋಹನರ ಹೆಸರೇ ಬಿಟ್ಟುಹೋಯಿತು. ಎರಡನೆಯ ಪುಟದಲ್ಲಿ ಶಾಯಿ ಹರಡಿತ್ತು.

ಐವತ್ತೆಂಟರಲ್ಲಿ ಹದಿಮೂರು ಜನರ ಪರದೆ ಕೆಟ್ಟಿದೆಯಂತೆ. ಅದರಲ್ಲಿ ಗುಂಡಣ್ಣನೂ ಒಬ್ಬರು, ಈ ವಾರವೇ ಲೇಸರ್ ಮಾಡಿಸಬೇಕಂತೆ. ಮೂರು ಭಾಷೆಯಲ್ಲಿ ಬೋರ್ಡು ಓದುತ್ತಿದ್ದ ಮನುಷ್ಯ!

ಆಟೋದಲ್ಲಿ ಮನೆಗೆ ಬಂದು ಬೀಗ ತೆಗೆಯುವಾಗ ಶಾರದಾ ಕೇಳಿದಳು, "ಐವತ್ತೆಂಟು ಜನರ ಹೆಸರು ಕೂಗ್ಸಿದ್ರಲ್ಲ. ನಿಮ್ಮ ಹೆಸರು ಯಾರು ಕೂಗಬೇಕಿತ್ತು?"

ಟೀಚರುಗಳಿಗೆ ಭಾನುವಾರವೂ ಪ್ರಶ್ನೆ ಕೇಳುವ ಚಟ.

16 ನವೆಂಬರ್, ಶನಿವಾರ

ಗುಂಡಣ್ಣನ ಫೋನು. ಮೊದಲ ಸಿಟ್ಟಿಂಗ್ ಲೇಸರ್ ಆಯಿತಂತೆ. ಹಸಿರು ಮಿಂಚು ಮಿಂಚಿದ ಹಾಗಿತ್ತು, ಅಷ್ಟೇ ಎಂದರು. ಇನ್ನಾರು ತಿಂಗಳು ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ ಡಾಕ್ಟರು. "ನೀನು ಕೊರೀದಿದ್ರೆ ನಾನು ಹೋಗ್ತಿರ್ಲಿಲ್ಲ ಕಣಯ್ಯಾ," ಎಂದರು. ನನಗೆ ಕಸಿವಿಸಿಯಾಗಿ, ಬೋರ್ಡಿನಲ್ಲಿ ಮೂರನೆಯ ಭಾಷೆ ಯಾವುದು ಎಂದು ಕೇಳಿದೆ. ಬೈದರು. ಸಮಾಧಾನವಾಯಿತು.

19 ನವೆಂಬರ್, ಮಂಗಳವಾರ

ಬೆಳಿಗ್ಗೆ ಬಚ್ಚಲಿನಲ್ಲಿ ಜೇಡರ ಬಲೆ. ಕೆಲಸದವಳಿಗೆ ಬೈದೆ. ಆಕೆ ಪೊರಕೆ ತಂದು, "ಕಹಾಂ ಹೈ ಸಾಬ್?" ಎಂದು ಗೋಡೆಯನ್ನೂ ನನ್ನನ್ನೂ ನೋಡಿದಳು. ಬಲೆ ಗೋಡೆಯಿಂದ ಸೂರಿಗೆ ಹೋಯಿತು, ಸೂರಿನಿಂದ ಅವಳ ಮುಖದ ಮೇಲೆ ಬಂತು. ಕನ್ನಡಕ ಒರೆಸಿದೆ. ಕನ್ನಡಕ ತೆಗೆದೆ. ನಾನು ನೋಡಿದ ಕಡೆಗೆಲ್ಲ ಬಲೆಯೂ ನೋಡುತ್ತಿತ್ತು.

ಹೊಗೆ ಎಂದುಕೊಂಡೆ. ಶಾಲೆಗಳಿಗೆಲ್ಲ ರಜೆ ಕೊಡುವಷ್ಟು ಹೊಗೆ.

ಮಧ್ಯಾಹ್ನ ಕಡತ ಓದುತ್ತಿದ್ದಾಗ ನೀರಿನ ಲೋಟಕ್ಕೆ ಶಾಯಿ ಬಿದ್ದ ಹಾಗೆ ಬಲಗಣ್ಣಿನಲ್ಲಿ ಕಪ್ಪು ಹರಡಿಕೊಂಡಿತು. ಎಡಗಣ್ಣು ಮುಚ್ಚಿದರೆ ಕಿಟಕಿ ಎಲ್ಲಿದೆ ಎಂದಷ್ಟೇ ತಿಳಿಯುತ್ತದೆ. ನೋವಿಲ್ಲ. ಸ್ವಲ್ಪವೂ ಇಲ್ಲ.

ಶಾರದಾಗೆ ಹೇಳಿಲ್ಲ. ಹೊಗೆ ಎಂದು ಇನ್ನೊಮ್ಮೆ ಬರೆಯಬಹುದು. ಬರೆಯಲಾರೆ. ನನಗೆ ಭಯವಾಗಿದೆ.

20 ನವೆಂಬರ್, ಬುಧವಾರ

ಹೇಳಿದೆ. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರೆಫರಲ್ ಚೀಟಿ ಹುಡುಕಿ ತೆಗೆದು ತಾರೀಖು ನೋಡಿದಳು. ಇನ್ನೂ ಒಂದು ತಿಂಗಳು ಊರ್ಜಿತವಾಗಿದೆ.

21 ನವೆಂಬರ್, ಗುರುವಾರ

ಕಣ್ಣಾಸ್ಪತ್ರೆ. ಹನಿ ಹಾಕಿದರು, ನಲವತ್ತು ನಿಮಿಷ ಕಣ್ಣು ಮುಚ್ಚಿ ಕೂತೆ. ಡಾಕ್ಟರಿಗೆ ನನ್ನ ಮಗಳಿಗಿಂತ ಹತ್ತು ವರ್ಷ ಹೆಚ್ಚಿರಬಹುದು. ಹಣೆಯ ಮೇಲೆ ದೀಪ ಕಟ್ಟಿಕೊಂಡು ಬಹಳ ಹೊತ್ತು ನೋಡಿದರು. ಬಲಗಣ್ಣಿನೊಳಗೆ ರಕ್ತ ಸೋರಿದೆ, ಒಳಗಿನ ಪರದೆ ಎಳೆದುಕೊಂಡು ಕಿತ್ತುಬಂದಿದೆ. ಆಪರೇಷನ್ ಮಾಡಬಹುದು, ಆದರೆ ಓದುವ ದೃಷ್ಟಿ ಮರಳುತ್ತದೆಂದು ಆಸೆ ಇಟ್ಟುಕೊಳ್ಳಬೇಡಿ ಎಂದರು. ಎಡಗಣ್ಣಿನಲ್ಲೂ ಶುರುವಾಗಿದೆ, ಅದನ್ನು ಉಳಿಸಿಕೊಳ್ಳಬಹುದು, ಇವತ್ತೇ ಲೇಸರ್ ಶುರು ಮಾಡೋಣ ಎಂದರು.

ಸೆಪ್ಟೆಂಬರಿನಲ್ಲೇ ಬಂದಿದ್ದರೆ ಎಂದು ಕೇಳಿದೆ. ಅವರು ಹಣೆಯ ದೀಪ ಆರಿಸಿ, ಎಡಗಣ್ಣಿನ ವಿಷಯ ಮಾತಾಡೋಣ ಎಂದರು. ಸಂಸತ್ತಿನ ಪ್ರಶ್ನೆಗಳಿಗೆ ನಾನೂ ಹೀಗೆಯೇ ಉತ್ತರ ಬರೆಯುತ್ತೇನೆ. ಆದ್ದರಿಂದ ನನಗೆ ಅರ್ಥವಾಯಿತು.

ತನ್ವಿ ರಜೆ ಹಾಕಿ ಬಂದಿದ್ದಳು. "ಎಷ್ಟು ಕಾಣತ್ತೆ ಅಪ್ಪಾ?" ಎಂದು ಕೇಳಿದಳು, ಇಡೀ ವಾಕ್ಯ ಕನ್ನಡದಲ್ಲಿ. ಸ್ವಲ್ಪ ಮಂಜು, ಅಷ್ಟೇ ಎಂದೆ.

25 ನವೆಂಬರ್, ಸೋಮವಾರ

ಬಳಗದವರು ಫೋನು ಮಾಡುತ್ತಿದ್ದಾರೆ. ಎಲ್ಲರಿಗೂ ಸ್ವಲ್ಪ ಮಂಜು ಎಂದೇ ಹೇಳುತ್ತಿದ್ದೇನೆ. ಚಂದ್ರಮೋಹನರು ಮುಂದಿನ ವರ್ಷವೂ ಶಿಬಿರ ಮಾಡೋಣ, ನೀವೇ ನೋಡಿಕೊಳ್ಳಬೇಕು ಎಂದರು. ನೋಡಿಕೊಳ್ಳುತ್ತೇನೆ ಎಂದೆ.

ಒಂದು ಪುಟದಲ್ಲಿ ಹತ್ತು ಸಾಲು ಹಿಡಿಸುತ್ತಿದೆ. ಅಕ್ಷರ ಇಷ್ಟು ದಪ್ಪವಾದರೆ ಶಾರದಾಗೂ ತಿಳಿದುಬಿಡುತ್ತದೆ. ತಿಳಿಯಲಿ.

2 ಡಿಸೆಂಬರ್, ಸೋಮವಾರ

ಎಡಗಣ್ಣಿನ ಎರಡನೆಯ ಸಿಟ್ಟಿಂಗ್. ಹನಿ ಹಾಕಿಸಿಕೊಂಡು ಶಾರದಾಳ ಪಕ್ಕ ಕೂತಿದ್ದೆ. ಎದುರಿಗೆ ಬಣ್ಣಗಳು ಓಡಾಡುತ್ತಿದ್ದವು: ಬಿಳಿ ಎಂದರೆ ನರ್ಸು, ಹಸಿರು ಎಂದರೆ ಆಪರೇಷನ್ನಿಗೆ ಹೋಗುವವರು.

ನೀಲಿ ಬಣ್ಣವೊಂದು ನಮ್ಮ ಸಾಲಿನಿಂದ ಎದ್ದಿತು. ಧ್ವನಿ ನಲವತ್ತರ ಆಸುಪಾಸಿನದು. ಮ್ಯಾಡಮ್, ಮೀಟಿಂಗ್ ಇದೆ, ಮುಂದಿನ ವಾರ ಬರುತ್ತೇನೆ, ನನಗೇನೂ ತೊಂದರೆ ಇಲ್ಲ, ಎಲ್ಲ ಚೆನ್ನಾಗಿ ಕಾಣುತ್ತದೆ, ಬರೀ ಶುಗರ್ ಡಾಕ್ಟರು ಹೇಳಿದರೆಂದು ಬಂದೆ ಎಂದು ಹಿಂದಿಯಲ್ಲಿ ನರ್ಸಿಗೆ ಹೇಳುತ್ತಿದ್ದ. ಆಯ್ತು ಸರ್, ನಿಮ್ಮಿಷ್ಟ ಎಂದಳು ನರ್ಸು.

ಐದು ವಾರ ಜನ ಸೇರಿಸಲು ಆಡಿದ ಮಾತುಗಳೆಲ್ಲ ನನ್ನ ಬಳಿ ಇದ್ದವು. ಮೊಮ್ಮಗಳ ಮುಖ, ಪರದೆಯ ವಿವರ, ಬೆದರಿಕೆ, ತಮಾಷೆ, ಎಲ್ಲ. ಒಂದೂ ಬಾಯಿಗೆ ಬರಲಿಲ್ಲ. ನೀಲಿ ಬಣ್ಣ ನನ್ನ ಮುಂದೆ ಹಾದುಹೋಗುವಾಗ ಕೈ ಚಾಚಿದೆ, ತೋಳು ಸಿಕ್ಕಿತು.

"ಭಾಯಿಸಾಹೇಬ್, ನನಗೂ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಬಲಗಣ್ಣು ಹೋಯಿತು," ಎಂದು ಹಿಂದಿಯಲ್ಲಿ ಹೇಳಿದೆ.

ಹೋಯಿತು ಎಂಬ ಮಾತನ್ನು ಪಕ್ಕದಲ್ಲಿದ್ದ ಶಾರದಾಳೂ ನನ್ನ ಬಾಯಿಂದ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ತೋಳು ಬಿಡಿಸಿಕೊಳ್ಳಬಹುದಿತ್ತು, ನಾನು ಗಟ್ಟಿಯಾಗಿ ಹಿಡಿದಿರಲಿಲ್ಲ. ಆತನ ಮುಖ ಹೇಗಾಯಿತೋ ನನಗೆ ಕಾಣಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನ ಎಡಗಡೆಯ ಖಾಲಿ ಕುರ್ಚಿ ಕಿರುಗುಟ್ಟಿತು, ಆತ ನರ್ಸಿಗೆ, ಹನಿ ಉರಿಯುತ್ತದೆಯೇ ಎಂದು ಕೇಳಿದ.